ಉಳಿಸದ ಮಾತು

ಟೈಪ್ ಮಾಡುವಾಗ ಮುಂದಿನ ಮಾತು ಸೂಚಿಸುವ ಒಂದು ಸಣ್ಣ ಪ್ಲಗಿನ್ ಬರೆದಿದ್ದೆ. ಅದು ಕಂಪ್ಯೂಟರಿನ ಹಳೆಯ ಕಡತಗಳನ್ನು ಓದಿ ಕಲಿಯುತ್ತಿತ್ತು. ಬೆಳಗಾವಿಯಲ್ಲಿ ನನ್ನ ಲಿನಕ್ಸ್‌ ಕಂಪ್ಯೂಟರಿನ ಮೇಲೆ ಚೆನ್ನಾಗಿ ನಡೆಯಿತು. ವಿಂಡೋಸ್‌ನಲ್ಲಿ ಹೇಗೋ ನೋಡೋಣವೆಂದು ಖಾನಾಪುರದಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿಕೊಡುವ ಗಿರಿಜಕ್ಕನ ಅಂಗಡಿಯಲ್ಲಿ ಹಾಕಿಕೊಟ್ಟೆ.

ಮರುದಿನವೇ ಫೋನ್ ಬಂತು. "ಸರ, ಬಂದು ನೋಡ್ರಿ. ಇದು ನನ್ನ ಜೋಡಿ ಮಾತಾಡಾಕತ್ತೈತಿ."

ನಾನು ಹೋದಾಗ ಗಿರಿಜಕ್ಕ ‘ಊಟ’ ಎಂದು ಹೊಡೆದು ತೋರಿಸಿದರು. ಬಾಜುವಿನಲ್ಲಿ ಮಸುಕಾಗಿ ಮೂಡಿತು: ‘ಊಟ ಮಾಡಿದಿ ಇಲ್ಲೋ ಗಿರಿಜಾ?’

ನಾನು ಪರದೆಯ ಹತ್ತಿರ ಬಗ್ಗಿ ಮತ್ತೊಮ್ಮೆ ಓದಿದೆ.

"ಇದು ನಮ್ಮ ಮನಿಯವರ ಮಾತ್ರಿ," ಎಂದರು. ಗಂಟಲಿನ ಆಪರೇಷನ್ನಿನಲ್ಲಿ ದನಿ ಹೋದ ಮೇಲೆ ಅವರ ಗಂಡ ಇದೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಮಾತಾಡುತ್ತಿದ್ದರಂತೆ. ಹೋದ ವರ್ಷ ತೀರಿಕೊಂಡರು. ಟೈಪ್ ಮಾಡಿದ್ದನ್ನು ಎಂದೂ ಸೇವ್ ಮಾಡಿ ಉಳಿಸಿದವರಲ್ಲ.

ಹುಡುಕಿದಾಗ ಕಾರಣ ಸಿಕ್ಕಿತು. ಉಳಿಸದ ಬರಹದ ಪ್ರತಿಗಳನ್ನೂ ಅವರು ಟೈಪ್ ಮಾಡುವ ಎಡಿಟರ್ ತಂತ್ರಾಂಶ ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡಿತ್ತು. ಆ ಫೋಲ್ಡರಿನ ಹೆಸರು ಚುಕ್ಕೆಯಿಂದ ಶುರುವಾಗುತ್ತಿತ್ತು. ಲಿನಕ್ಸ್‌ನಲ್ಲಿ ಚುಕ್ಕೆ ಇದ್ದರೆ ಅದು ಗುಪ್ತ, ನನ್ನ ಪ್ಲಗಿನ್ ಮುಟ್ಟುವುದಿಲ್ಲ. ವಿಂಡೋಸ್‌ನಲ್ಲಿ ಚುಕ್ಕೆಗೆ ಆ ಅರ್ಥವಿಲ್ಲ. ಹಾಗಾಗಿ ಎಲ್ಲವನ್ನೂ ಓದಿಬಿಟ್ಟಿತ್ತು.

"ತಪ್ಪಾತ್ರಿ ಅಕ್ಕಾ, ತಗದುಬಿಡ್ತೀನಿ," ಎಂದೆ. ತೆಗೆಯುವ ಮುಂಚೆ ಪರೀಕ್ಷೆಗೆಂದು ‘ಈಗ’ ಎಂದು ಹೊಡೆದೆ.

‘ಈಗ ಬ್ಯಾಡ, ಆಮ್ಯಾಲ ನೋಡೂಣು.’

ಕೀಲಿಮಣೆಯಿಂದ ನನ್ನ ಕೈ ತಾನಾಗಿ ಹಿಂದೆ ಸರಿಯಿತು.

"ಡಾಕ್ಟರ ಕಡೆ ಹೋಗೂಣಂದ್ರ ದಿನಾ ಹಿಂಗ ಅಂತಿದ್ರು," ಎಂದು ಗಿರಿಜಕ್ಕ ಕಣ್ಣೊರೆಸಿಕೊಂಡರು. "ಇರ್ಲಿ ಬಿಡ್ರಿ ಸರ."

ಅದನ್ನು ಬಳಸುತ್ತಿದ್ದ ಉಳಿದವರಿಗೆಲ್ಲ ತಿದ್ದಿದ ಪ್ಲಗಿನ್ ಕಳಿಸಿದೆ, ಆ ಕಂಪ್ಯೂಟರಿಗೆ ಮಾತ್ರ ಕಳಿಸಲಿಲ್ಲ. ಈಗ ಅಲ್ಲಿ ಲಗ್ನಪತ್ರಿಕೆ ತಡವಾಗುತ್ತದೆಂದು ಗಿರಾಕಿಗಳ ತಕರಾರು. ಟೈಪ್ ಮಾಡುವುದರ ನಡುವೆ ಗಿರಿಜಕ್ಕ ಉತ್ತರವನ್ನೂ ಕೊಡಬೇಕಲ್ಲ!