ಮಾವನವರ ಹಾರುವ ಕತ್ತೆ

ನಮ್ಮ ಮಾವನವರ ಮೇಲೆ ಅತ್ತೆಯವರಿಗೆ ಅನುಮಾನ ಹುಟ್ಟಿದ್ದು ಒಗೆಯಲು ಹಾಕಿದ ಒಂದು ಪಂಚೆಯಿಂದ.

ನಾನು ಮದುವೆಯಾಗಿ ದಿಬ್ಬೂರಹಳ್ಳಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳು. ನನ್ನ ಗಂಡ ಚಿಕ್ಕಬಳ್ಳಾಪುರದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅಲ್ಲಿ ಬಾಡಿಗೆಗೆ ಮನೆ ಸಿಗುವವರೆಗೆ ನಾನು ಅತ್ತೆ ಮಾವನ ಜೊತೆ ಇರಬೇಕೆಂದು ತೀರ್ಮಾನವಾಗಿತ್ತು. ಹೊಲದ ಕೆಲಸ, ರೇಷ್ಮೆ ಹುಳದ ಕೆಲಸ, ಇಬ್ಬರು ದೊಡ್ಡವರ ಊಟ ತಿಂಡಿ, ಇಷ್ಟೇ ನನ್ನ ಲೋಕ.

ಚಿಂತಾಮಣಿ ಸಂತೆಯ ಮಾರನೆಯ ದಿನ ಬೆಳಿಗ್ಗೆ ಹಿತ್ತಿಲಲ್ಲಿ ಬಟ್ಟೆ ನೆನೆಸುತ್ತಿದ್ದೆ. ಅತ್ತೆ ಮಾವನ ಪಂಚೆ ಎತ್ತಿ ಕೊಡವಿದರು. ಒಗೆಯುವ ಕಲ್ಲಿನ ಮೇಲೆ ಮರಳು ಉದುರಿತು.

"ಇದೇನೇ ಇದು?"

"ಮರಳು, ಅತ್ತೆ."

"ಮರಳು ಅಂತ ನನಗೂ ಕಾಣ್ತದೆ. ಸಂತೆಗೆ ಹೋದೋರಿಗೆ ಕೂತ್ಕೊಳ್ಳೋ ಜಾಗಕ್ಕೆ ಮರಳು ಹೆಂಗೆ ಅಂಟ್ತದೆ?"

ಕೇಳಬೇಕಾದ ಪ್ರಶ್ನೆಯೇ ಅದು. ಮಾವ ನೆಲದ ಮೇಲೆ ಕೂರುವವರಲ್ಲ. ನಮ್ಮ ಮನೆಯ ಜಗಲಿಯನ್ನೂ ಟವೆಲ್ಲಿನಿಂದ ಒರೆಸಿಯೇ ಕೂರುತ್ತಿದ್ದರು. ಊರಿನಲ್ಲಿ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ ಬಂದರೆ ನ್ಯಾಯ ಹೇಳಲು ಅವರನ್ನು ಕರೆಯುತ್ತಿದ್ದರು. ಅವರು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಹತ್ತು ಜನ ಬಿದ್ದು ಬಿದ್ದು ನಗುವ ಮಾತು ಬಂದರೆ ಒಂದು ಸಲ ಗಂಟಲು ಸರಿಮಾಡಿಕೊಂಡು ಎದ್ದು ಹೋಗಿಬಿಡುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನೇನೋ ತಪ್ಪು ಮಾಡಿದ್ದೇನೆಂದು ಹೆದರಿದ್ದೆ. ಅತ್ತೆಯೇ ಸಮಾಧಾನ ಹೇಳಿದ್ದರು: "ಅವರ ಮುಖಾನೇ ಹಂಗೆ. ನಾನು ಬಂದಾಗಿಂದ್ಲೂ ಹಂಗೇ ಐತೆ."

ಪಂಚೆಯ ಮರಳಿನಿಂದ ಶುರುವಾದದ್ದು ಅಲ್ಲಿಗೆ ನಿಲ್ಲಲಿಲ್ಲ. ಅತ್ತೆ ಈಗ ಎಲ್ಲವನ್ನೂ ಗಮನಿಸತೊಡಗಿದರು. ಮೊದಲೆಲ್ಲ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದ ಮಾವ ದೀಪಾವಳಿ ಕಳೆದಾಗಿನಿಂದ ಸಂಜೆ ಬಸ್ಸಿಗೆ ಬರುತ್ತಿದ್ದರು. ಬೀಡಿ ಮುಟ್ಟದ ಮನುಷ್ಯನ ಅಂಗಿಯಲ್ಲಿ ಬೀಡಿಯ ವಾಸನೆ ಇರುತ್ತಿತ್ತು. ಹುಳು ಪೊರೆ ಬಿಡುವ ಕೊನೆಯ ಜ್ವರದಿಂದ ಎದ್ದು ಹಗಲೂ ರಾತ್ರಿ ಸೊಪ್ಪು ಮುಕ್ಕುವ ದಿನಗಳಲ್ಲಿ ರೇಷ್ಮೆ ಮಾಡುವ ಮನೆಯವರು ಯಾರೂ ಊರು ಬಿಡುವುದಿಲ್ಲ. ಮಾವ ಆ ವಾರವೂ ಸಂತೆ ಬಿಡಲಿಲ್ಲ. "ಮನೇಲಿ ಉಪ್ಪಿಲ್ಲ" ಎಂದು ಹೊರಟರು. ಉಪ್ಪು ಮಡಕೆ ತುಂಬ ಇತ್ತು.

ಅದೇ ಸಂಜೆ ಅತ್ತೆ ಅಡಿಗೆ ಮನೆಗೆ ಬಂದು, ಯಾರಿಗೋ ಜ್ವರ ನೆತ್ತಿಗೇರಿದೆ ಎನ್ನುವ ಹಾಗೆ ಮೆಲ್ಲಗೆ ಹೇಳಿದರು. "ಕಾಲು ತೊಳೆಯೋವಾಗ ನಕ್ಕರು ಕಣೇ. ಅವರಷ್ಟಕ್ಕೆ ಅವರೇ."

ಪಕ್ಕದ ಮನೆಯಾಕೆಯ ತವರು ಆಂಧ್ರದ ಕಡೆ. ತೆಲುಗಿನಲ್ಲಿ ಮಾತು ಶುರುಮಾಡಿ ಅರ್ಧದಲ್ಲಿ ಕನ್ನಡಕ್ಕೆ ಬರುವುದು ಅವಳ ರೂಢಿ. ಒಂದು ದಿನ ಮೊರ ಕೇಳಿಕೊಂಡು ಬಂದವಳು ಬಾಗಿಲಲ್ಲೇ ನಿಂತು, "ಮೀ ಆಯನ್ನ ಚೂಸ್ತಿ ಅಕ್ಕಾ, ನಿಮ್ಮ ಯಜಮಾನರನ್ನ ನೋಡ್ದೆ, ಚಿಂತಾಮಣೀಲಿ. ಬಸ್ ಸ್ಟ್ಯಾಂಡ್ ಹಿಂದುಗಡೆ ಸಂದಿಯಿಂದ ಬರ್ತಾ ಇದ್ರು. ತಲೆ ಮೇಲೆ ಟವೆಲ್ ಹಾಕ್ಕೊಂಡಿದ್ರು. ಮಾತಾಡಿಸಿದ್ರೆ ಕೇಳಿಸದೋರ ಹಂಗೆ ಹೋಗ್ಬಿಟ್ರು" ಎಂದಳು.

ಅವಳು ಮೊರ ತೆಗೆದುಕೊಂಡು ಹೋದ ಮೇಲೆ ಅತ್ತೆ ಬಾಗಿಲು ಮುಂದಕ್ಕೆಳೆದರು. ಆಮೇಲೆ, "ಮುಂದಿನ ಸಂತೆಗೆ ನಾವೂ ಹೋಗಣ. ಅವರಿಗೆ ಹೇಳಬೇಡ" ಎಂದರು.

ಮಾವ ಮೊದಲ ಬಸ್ಸಿಗೆ ಹೋದರು. ಹುಳದ ತಟ್ಟೆಗಳನ್ನು ಪಕ್ಕದ ಮನೆಯಾಕೆಗೆ ಒಪ್ಪಿಸಿ ನಾವು ಅದರ ಹಿಂದಿನ ಬಸ್ಸು ಹತ್ತಿದೆವು. ಬಸ್ ಸ್ಟ್ಯಾಂಡಿನ ಹಿಂದುಗಡೆ ಒಬ್ಬ ಮುದುಕ ಸಾಬರ ಬಳೆ ಅಂಗಡಿ ಇತ್ತು. ಅಲ್ಲಿ ಕೂತರೆ ಸಂದಿಯ ಬಾಯಿ ಚೆನ್ನಾಗಿ ಕಾಣುತ್ತಿತ್ತು. ಸುಮ್ಮನೆ ಕೂರಲಾಗದೆ ಅತ್ತೆ ಕೈ ಚಾಚಿದರು. ಸಾಬರು ಅವರ ಎಡಗೈ ಒತ್ತಿ ಒತ್ತಿ ಹಸಿರು ಬಳೆ ಏರಿಸಿದರು. ಬಲಗೈಗೆ ಮೊದಲ ಬಳೆ ತೂರಿಸುವ ಹೊತ್ತಿಗೆ ಮಾವ ಕಾಣಿಸಿಕೊಂಡರು. ಕೈಯಲ್ಲಿ ತರಕಾರಿ ಚೀಲ, ತಲೆಯ ಮೇಲೆ ಟವೆಲ್. ಸಂದಿಯ ಬಾಯಲ್ಲಿ ನಿಂತು ಆ ಕಡೆ ಈ ಕಡೆ ನೋಡಿದರು. ಅತ್ತೆ ಕೈ ಕಿತ್ತುಕೊಂಡು ಎದ್ದರು. ಗೆಣ್ಣಿನ ಮೇಲಿದ್ದ ಬಳೆ ಚೂರಾಗಿ ಕೆಳಗೆ ಬಿತ್ತು. ನಾನು ಸಾಬರ ಕೈಗೆ ಕಾಸು ಹಾಕಿ ಹಿಂದೆ ಓಡಿದೆ.

ಸಂದಿಯ ಕೊನೆಗೆ ತಗಡಿನ ಮಾಡಿನ ಒಂದು ಉದ್ದನೆಯ ಕಟ್ಟಡ. ಮಾವ ಅದರ ಪಕ್ಕದ ಸಣ್ಣ ಬಾಗಿಲಲ್ಲಿ ಬಗ್ಗಿ ಒಳಗೆ ಹೋದರು.

"ಯಾರ ಮನೆ ಅದು?" ಎಂದರು ಅತ್ತೆ.

ನನ್ನ ತವರು ಮಂಚೇನಹಳ್ಳಿ. ಅಲ್ಲಿಗೆ ಟೆಂಟ್ ಸಿನಿಮಾ ಬರುತ್ತಿತ್ತು, ಗೌರಿಬಿದನೂರಿಗೆ ಹೋಗಿಯೂ ನೋಡಿದ್ದೆ. "ಮನೆ ಅಲ್ಲ ಅತ್ತೆ, ಟಾಕೀಸು. ಸಂತೆ ದಿನ ಮಧ್ಯಾಹ್ನಾನೂ ಆಟ ಇರುತ್ತೆ."

"ಟಾಕೀಸಿಗೆ ಯಾರಾದ್ರೂ ಒಬ್ಬರೇ ಹೋಗ್ತಾರಾ? ಒಳಗೆ ಕಾಯ್ತಾ ಇರ್ತಾಳೆ, ಬಾ."

ಹೆಂಗಸರ ಕಡೆ ಬೇರೆ ಬಾಗಿಲು. ಗಂಡಸರಿಗೂ ನಮಗೂ ನಡುವೆ ಸೊಂಟದೆತ್ತರದ ಗೋಡೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಮಾವ ಕಂಡರು. ಬೆಂಚಿನ ಕ್ಲಾಸಿನಲ್ಲಲ್ಲ, ಎಲ್ಲಕ್ಕಿಂತ ಮುಂದೆ, ಮರಳು ಹಾಸಿದ ನೆಲದ ಮೇಲೆ, ಬೀಡಿ ಸೇದುವವರ ಮಧ್ಯೆ. ಊರಿನವರ ಕಣ್ಣಿಗೆ ಬೀಳದಂತೆ ಅಲ್ಲಿ ಕೂರುತ್ತಿದ್ದರೆಂದು ಆಮೇಲೆ ಹೊಳೆಯಿತು.

"ಮರಳು ಸಿಕ್ತಲ್ಲ ಅತ್ತೆ" ಎಂದು ಪಿಸುಗುಟ್ಟಿದೆ.

"ಮರಳು ಸರಿ. ಪಕ್ಕದಲ್ಲಿ ಯಾರು ನೋಡು."

ಒಂದು ಪಕ್ಕದಲ್ಲಿ ಒಬ್ಬ ಮುದುಕ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಇನ್ನೊಂದು ಪಕ್ಕದಲ್ಲಿ ನಮ್ಮ ಮನೆಯ ತರಕಾರಿ ಚೀಲ ಇತ್ತು.

ಅಷ್ಟರಲ್ಲಿ ಪರದೆ ಬೆಳಗಿತು. ದೊಡ್ಡ ಪಿಕ್ಚರಿಗೆ ಮುಂಚೆ, ಜನ ಒಳಗೆ ಬರುವವರೆಗೆ ಅಂತ, ಟಾಕೀಸಿನವರು ಒಂದು ಹಳೆಯ ಗೊಂಬೆ ರೀಲು ಹಾಕುತ್ತಿದ್ದರು. ಅವರ ಹತ್ತಿರ ಇದ್ದದ್ದು ಅದೊಂದೇ. ವಾರವಾರವೂ ಅದೇ. ಬರೆದ ಚಿತ್ರಗಳೇ ಓಡುವುದು, ಕುಣಿಯುವುದು. ಒಂದು ಬಡಕಲು ಕತ್ತೆ ಹೊರೆ ಹೊತ್ತು ಬರುತ್ತದೆ. ಎಲ್ಲೋ ಕೋಳಿಗಳು ಕೂಗಿಕೊಳ್ಳುತ್ತವೆ, ತೋಳ ಬಂದಿದೆ ಅಂತ. ಕತ್ತೆ ಹೊರೆ ಕೆಡವಿ, ಹುಲ್ಲಿನ ಮೆದೆಯ ಹಿಂದೆ ಹೋಗಿ, ಕುತ್ತಿಗೆಗೆ ಒಂದು ಬಟ್ಟೆ ಕಟ್ಟಿಕೊಂಡು ಎದೆ ಉಬ್ಬಿಸಿಕೊಂಡು ಬರುತ್ತದೆ. ಓಡುತ್ತದೆ, ನೆಗೆಯುತ್ತದೆ, ಆಕಾಶಕ್ಕೆ ಹಾರುತ್ತದೆ. ಹಾರಿದ್ದೇ ಒಂದು ಗೋಡೆಗೆ ಬಡಿದು ರೊಟ್ಟಿಯ ಹಾಗೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ತನ್ನನ್ನು ತಾನೇ ಗೋಡೆಯಿಂದ ಕಿತ್ತುಕೊಂಡು, ಕೊಡವಿಕೊಂಡು, ಮತ್ತೆ ಹಾರುತ್ತದೆ.

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನನ್ನ ತೊಡೆ ಚಿವುಟಿದರು. ಅವರು ಪರದೆಯ ಕಡೆ ತಿರುಗಿಯೇ ಇರಲಿಲ್ಲ. ನಾನೂ ಅವರು ನೋಡುತ್ತಿದ್ದ ಕಡೆ ನೋಡಿದೆ.

ಮಾವ ಟವೆಲ್ಲನ್ನು ಬಾಯಿಗೆ ತುರುಕಿಕೊಂಡಿದ್ದರು. ಹೆಗಲು ಕುಣಿಯುತ್ತಿತ್ತು. ಕಣ್ಣಿಂದ ನೀರು ಇಳಿಯುತ್ತಿತ್ತು. ಕತ್ತೆ ಬೀಳುವ ಮುಂಚೆಯೇ ಅವರ ಮೈ ಬಳುಕುತ್ತಿತ್ತು, ಬಿದ್ದ ಮೇಲೆ ಟವೆಲ್ಲನ್ನು ಇನ್ನಷ್ಟು ಒಳಗೆ ತುರುಕುತ್ತಿದ್ದರು. ರೀಲು ಮುಗಿದು ದೊಡ್ಡ ಪಿಕ್ಚರಿನ ಹೆಸರುಗಳು ಬರುತ್ತಿದ್ದ ಹಾಗೆ ಮುಖ ಒರೆಸಿಕೊಂಡು, ಚೀಲ ಎತ್ತಿಕೊಂಡು, ಬಗ್ಗಿ ಹೊರಗೆ ನಡೆದರು.

ಸಂಜೆ ಬಸ್ಸಿನಲ್ಲಿ ನಾವು ಮುಂದಿನ ಸೀಟಿನಲ್ಲಿ ತಲೆ ತುಂಬ ಸೆರಗು ಹೊದ್ದು ಕೂತೆವು. ಮಾವ ಹಿಂದಿನಿಂದ ಹತ್ತಿದರು. ಅವರು ನಮ್ಮೂರಿನಲ್ಲಿ ಇಳಿದ ಮೇಲೆ ನಾವು ಮುಂದಿನ ಸ್ಟಾಪಿನಲ್ಲಿ ಇಳಿದು ರಸ್ತೆಯಲ್ಲಿ ಹಿಂದಕ್ಕೆ ನಡೆದೆವು. ಅತ್ತೆ ಬಿರಬಿರನೆ ನಡೆಯುತ್ತಿದ್ದರು.

"ಹೆಂಗಸು ಯಾರೂ ಇಲ್ವಲ್ಲ ಅತ್ತೆ. ಒಳ್ಳೇದೇ ಆಯ್ತಲ್ಲ" ಎಂದೆ.

ಅವರು ನಿಂತರು. "ಹೆಂಗಸಾಗಿದ್ರೆ ಜುಟ್ಟು ಹಿಡಿದು ಜಗಳ ಆಡಬಹುದಿತ್ತು. ಕತ್ತೆ ಜೊತೆ ಏನಂತ ಜಗಳ ಆಡ್ಲಿ? ನನ್ನ ಜೊತೆ ಒಂದು ದಿನ ಹಂಗೆ ನಕ್ಕಿಲ್ಲ ಕಣೇ ಆ ಮನುಷ್ಯ."



ಮನೆಗೆ ಬಂದಾಗ ಮಾವ ಜಗಲಿಯ ಮೇಲೆ ಕೂತಿದ್ದರು. "ಎಲ್ಲಿಗೆ ಹೋಗಿದ್ರಿ?" ಎಂದರು.

"ತೋಟಕ್ಕೆ" ಎಂದರು ಅತ್ತೆ.

ಮಾವ ಅತ್ತೆಯ ಎಡಗೈ ನೋಡಿದರು. ಹಸಿರು ಬಳೆ. ಬಲಗೈ ನೋಡಿದರು. ಹಳೆಯ ಕೆಂಪು ಬಳೆ. ಏನೂ ಕೇಳಲಿಲ್ಲ. ಆದರೆ ಆವತ್ತಿನಿಂದ ಅನುಮಾನ ಅವರಿಗೂ ಅಂಟಿತು. ನಾನು ನೀರು ಕೊಡಲು ಹೋದರೆ ಚೊಂಬು ತೆಗೆದುಕೊಳ್ಳುವ ಮುಂಚೆ ನನ್ನ ಮುಖ ನೋಡುತ್ತಿದ್ದರು. ಒಮ್ಮೆ ಅತ್ತೆ ಹತ್ತಿರ ಇಲ್ಲದಾಗ ಗಂಟಲು ಸರಿಮಾಡಿಕೊಂಡು ಕೇಳಿದರು. "ನಿಮ್ಮತ್ತೆ ಏನಾದ್ರೂ ಅಂದ್ರೇನಮ್ಮ?"

"ಯಾವುದರ ಬಗ್ಗೆ ಮಾವ?"

ಯಾವುದರ ಬಗ್ಗೆ ಎಂದು ಅವರು ಹೇಳುವ ಹಾಗಿರಲಿಲ್ಲ. "ಏನಿಲ್ಲ, ಹೋಗಮ್ಮ" ಎಂದರು.

ಮುಂದಿನ ವಾರ ಅತ್ತೆ, "ಏನಂದ್ರೆ, ಸಂತೆಗೆ ನಾನೂ ಬರ್ತೀನಿ" ಎಂದರು. ಮಾವ ಬೇಡವೆನ್ನಲಿಲ್ಲ. ಕರೆದುಕೊಂಡು ಹೋಗಿ, ಮಧ್ಯಾಹ್ನದ ಬಸ್ಸಿಗೇ ಕರೆದುಕೊಂಡು ಬಂದರು. ಅದರ ಮುಂದಿನ ವಾರವೂ ಹಾಗೇ. ಅತ್ತೆ ದಾರಿಯುದ್ದಕ್ಕೂ ಅವರ ಮುಖ ನೋಡುತ್ತಿದ್ದರಂತೆ. ಅವರು ಆ ಸಂದಿಯ ಕಡೆ ಕಣ್ಣು ಕೂಡ ಹಾಯಿಸಲಿಲ್ಲವಂತೆ. "ಕಳ್ಳ ಮನುಷ್ಯ" ಎಂದು ನನ್ನ ಹತ್ತಿರ ಹೇಳಿದರು. "ಬೇರೆ ಯಾವತ್ತೋ ಹೋಗ್ತಿರಬೇಕು. ಶಿಡ್ಲಘಟ್ಟಕ್ಕೆ ರೇಷ್ಮೆ ಗೂಡು ಮಾರೋಕೆ ಹೋದಾಗ ಅಲ್ಲೊಂದು ಟಾಕೀಸು ಹುಡುಕ್ಕೊಂಡಿದಾರೋ ಏನೋ."

ಮಾವ ಎಲ್ಲಿಗೂ ಹೋಗುತ್ತಿರಲಿಲ್ಲ. ಊಟ ಕಡಿಮೆ ಮಾಡಿದರು. ನ್ಯಾಯಕ್ಕೆ ಕರೆದರೆ ಮೈಗೆ ಹುಷಾರಿಲ್ಲ ಎಂದು ಹೇಳಿ ಕಳಿಸಿದರು. ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತ ಹಾಕುತ್ತ ತಟ್ಟೆಯ ಮುಂದೆ ಸುಮ್ಮನೆ ನಿಂತುಬಿಡುತ್ತಿದ್ದರು. ಅತ್ತೆ ಅದನ್ನೂ ಬಾಗಿಲ ಮರೆಯಿಂದ ನೋಡುತ್ತಿದ್ದರು.

ಮೂವರೂ ಸಂತೆಗೆ ಹೋದ ಒಂದು ದಿನ ಬಿಸಿಲು ಜೋರಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಯಾರಿಗೆಂದೂ ಇಲ್ಲದ ಹಾಗೆ ಹೇಳಿದರು. "ಆ ಸಂದೀಲಿ ಏನೋ ಟಾಕೀಸು ಐತಂತೆ. ನೆರಳಾಗಿರ್ತದೆ. ಸ್ವಲ್ಪ ಹೊತ್ತು ಕೂತು ಬರಣ."

ಮಾವ ಅತ್ತೆಯನ್ನು ನೋಡಿದರು. ನನ್ನನ್ನು ನೋಡಿದರು. ಯಾವುದೋ ಬಲೆಗೆ ಕಾಲಿಡುವವರ ಹಾಗೆ, "ಯಾರು ಹೇಳಿದ್ರು?" ಎಂದರು.

"ಬಳೆ ಸಾಬರು" ಎಂದರು ಅತ್ತೆ.

ಆವತ್ತು ಮಾವ ಬೆಂಚಿನ ಟಿಕೆಟ್ಟು ತೆಗೆದುಕೊಂಡರು. ನಾವು ಗೋಡೆಯ ಈಚೆ ಕೂತೆವು. ರೀಲು ಶುರುವಾಯಿತು. ಈ ಸಲ ಅತ್ತೆ ಪರದೆಯನ್ನೇ ನೋಡುತ್ತಿದ್ದರು, ಸಂತೆಯಲ್ಲಿ ಎಮ್ಮೆ ಕೊಳ್ಳುವವರು ಅದರ ಹಲ್ಲು ನೋಡುವ ಹಾಗೆ. ಕತ್ತೆ ಬಟ್ಟೆ ಕಟ್ಟಿಕೊಂಡಿತು. ಹಾರಿತು. ಗೋಡೆಗೆ ಬಡಿಯಿತು. ಮತ್ತೆ ಹಾರಿತು. ತೋಳವನ್ನು ಒದೆಯಲು ಹೋಗಿ, ಗುರಿ ತಪ್ಪಿ, ಬಾವಿಗೆ ಬಿತ್ತು. ಅಲ್ಲಿಗೆ ರೀಲು ಕಿತ್ತುಹೋಯಿತು. ಪರದೆ ಬೆಳ್ಳಗಾಯಿತು. ಜನ ಸಿಳ್ಳೆ ಹಾಕಿದರು. ಸ್ವಲ್ಪ ಹೊತ್ತಿಗೆ ದೊಡ್ಡ ಪಿಕ್ಚರೇ ಶುರುವಾಯಿತು. ಗೋಡೆಯ ಆಚೆ ಮಾವ ಎದ್ದು ನಿಂತು, ಮೆಷಿನ್ ಇದ್ದ ಕಿಂಡಿಯನ್ನು ದಿಟ್ಟಿಸಿ ನೋಡಿ, ಮತ್ತೆ ಕೂತರು.

ಹೊರಗೆ ಬಂದು ಬಸ್ಸು ಹತ್ತಿದೆವು. ಅವರಿಬ್ಬರೂ ಒಂದು ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ. ಚಿಂತಾಮಣಿ ದಾಟಿದ ಮೇಲೆ ಅತ್ತೆ ಕಿಟಕಿಯ ಕಡೆ ನೋಡುತ್ತಲೇ ಕೇಳಿದರು. "ಬಾವಿಗೆ ಬಿತ್ತಲ್ಲ. ಆಮೇಲೆ ಏನಾಯ್ತೋ."

ಮಾವ ಓರೆಗಣ್ಣಿನಿಂದ ಅವರನ್ನು ನೋಡಿದರು. ಈ ಪ್ರಶ್ನೆಯ ಹಿಂದೆ ಏನಿದೆ ಎಂದು ಲೆಕ್ಕ ಹಾಕುತ್ತಿದ್ದಂತಿತ್ತು.

"ಗೊತ್ತಿದ್ರೆ ಹೇಳಿ" ಎಂದರು ಅತ್ತೆ.

"ನನಗೆ ಹೆಂಗೆ ಗೊತ್ತಿರ್ತದೆ?"

"ಗೊತ್ತಿಲ್ದಿದ್ರೆ ಬಿಡಿ."

ಬಸ್ಸು ಒಂದು ಊರು ದಾಟಿತು. ಮಾವ ಗಂಟಲು ಸರಿಮಾಡಿಕೊಂಡರು. ಎದ್ದು ಹೋಗಲು ಬಸ್ಸಿನಲ್ಲಿ ಜಾಗವಿರಲಿಲ್ಲ.

"ಬಕೀಟು" ಎಂದರು. "ಬಾವಿಯಿಂದ ಮೇಲಕ್ಕೆ ಬರ್ತದೆ, ತಲೆ ಮೇಲೆ ಬಕೀಟು ಸಿಕ್ಕಾಕ್ಕೊಂಡಿರ್ತದೆ. ಕಣ್ಣು ಕಾಣಲ್ಲ. ಹಂಗೇ ಹಾರ್ತದೆ." ಅವರ ಕೈ ತಾನಾಗಿ ಎದ್ದು ಗಾಳಿಯಲ್ಲಿ ಹಾರಿತು. "ಎಲ್ಲೋ ಹೋಗೋಕೆ ಹೋಗಿ, ಬಕೀಟು ಸೀದಾ ತೋಳದ ಮೂತಿಗೆ." ಇನ್ನೊಂದು ಕೈಗೆ ರಪ್ಪನೆ ಬಡಿದರು. ಪಕ್ಕದ ಸಾಲಿನವರು ತಿರುಗಿದರು. "ಕೋಳಿಗಳೆಲ್ಲ ಸೇರಿ ಹಾರ ಹಾಕ್ತವೆ. ಅದು ಆ ಹಾರಾನೂ..." ಮುಂದೆ ಹೇಳಲಾಗಲಿಲ್ಲ. ಬಿಕ್ಕಳಿಕೆ ಬಂದವರ ಹಾಗೆ ಒಂದು ಸದ್ದು ಹೊರಟಿತು, ಆಮೇಲೆ ಇನ್ನೊಂದು. ಅದು ಅವರ ನಗು. ನಾನು ಮೊದಲ ಸಲ ಕೇಳಿದ್ದು. ಟವೆಲ್ಲಿಗೆ ಕೈ ಹೋಯಿತು. ಅತ್ತೆ ಟವೆಲ್ಲನ್ನು ಎಳೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

"ಹಾರಾನೂ ಏನು ಮಾಡ್ತು?"

"ತಿಂದ್ಬಿಡ್ತದೆ."

ಅತ್ತೆ ನಗಲಿಲ್ಲ. ಹುಬ್ಬು ಗಂಟಿಕ್ಕಿ ಯೋಚಿಸಿದರು. "ನೀವೇ ಕಟ್ಟಿ ಹೇಳ್ತಿಲ್ಲ ತಾನೆ?"

"ಇಲ್ಲ ಕಣೇ. ಆ ಕೆಂಪು ಬಟ್ಟೆ ಕೂಡ ತಿನ್ನಕ್ಕೆ ಹೋಗ್ತದೆ."

ರೀಲು ಕಪ್ಪು ಬಿಳಿಯದು. ಅತ್ತೆ ಕಿಟಕಿಯಿಂದ ಪೂರ್ತಿ ತಿರುಗಿದರು. "ಕೆಂಪು ಅಂತ ನಿಮಗೆ ಯಾರು ಹೇಳಿದ್ರು?"

"ಯಾರು ಹೇಳಬೇಕು? ನೋಡಿದ್ರೆ ಗೊತ್ತಾಗಲ್ವಾ?"

"ಅದು ಹಸಿರು. ನೀವು ಸರಿಯಾಗಿ ನೋಡಿಲ್ಲ."

ದಿಬ್ಬೂರಹಳ್ಳಿಯಲ್ಲಿ ಇಳಿಯುವಾಗಲೂ ಅದು ಮುಗಿದಿರಲಿಲ್ಲ. ತರಕಾರಿ ಚೀಲ ನನ್ನ ಕೈಗೆ ಕೊಟ್ಟಿದ್ದನ್ನು ಮರೆತು ಇಬ್ಬರೂ ಮುಂದೆ ಮುಂದೆ ನಡೆದರು. ಮಾವ ಕೈ ಎತ್ತಿ ಏನೋ ತೋರಿಸುತ್ತಿದ್ದರು. ಅತ್ತೆ ಇಲ್ಲ ಎಂದು ತಲೆಯಾಡಿಸುತ್ತ, ಹೇಳಿ, ಆಮೇಲೆ ಹೇಳಿ ಎನ್ನುತ್ತಿದ್ದರು.