ಭಾವನ ಪುಸ್ತಕಕ್ಕೆ ನಾನು ಬರೆದ ವಿಮರ್ಶೆ

ಕೋಗಿಲಿನ ನಮ್ಮ ಮನೆಯ ಮೊದಲ ಮಹಡಿಯಲ್ಲಿ, ಹಾಲಿಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ, ಗಾಜಿನ ಬಾಗಿಲಿನ ಪುಸ್ತಕದ ಬೀರು ಒಂದಿದೆ. ಅದು ಭಾವನದು, ಅಂದರೆ ನನ್ನ ಗಂಡನ ಅಣ್ಣನದು. ಭಾವ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾರೆ. ತಲೆತಲಾಂತರದಿಂದ ಇದೇ ಊರಿನಲ್ಲಿ ರಾಗಿ, ದ್ರಾಕ್ಷಿ ಬೆಳೆದುಕೊಂಡಿದ್ದ ಕುಟುಂಬದಲ್ಲಿ ಅಷ್ಟು ಓದಿದವರು ಅವರೊಬ್ಬರೇ. ಜಮೀನು ಲೇಔಟ್ ಆದ ಮೇಲೆ ಮಾವ ಮನೆ ಕಟ್ಟಿಸಿ, ಕೆಳಗೆ ತಾವು, ಮೊದಲ ಮಹಡಿಯಲ್ಲಿ ದೊಡ್ಡ ಮಗ, ಮೇಲೆ ಚಿಕ್ಕ ಮಗ ಎಂದು ಹಂಚಿದರು. ದೇವರ ಮನೆ ಕೆಳಗಿತ್ತು. ಆದರೆ ಬಂದ ನೆಂಟರನ್ನು ಮೊದಲು ಕರೆದುಕೊಂಡು ಹೋಗಿ ತೋರಿಸುತ್ತಿದ್ದದ್ದು ಆ ಬೀರುವನ್ನು.

ನಾನು ಮದುವೆಯಾಗಿ ಬಂದಾಗ ಯಶವಂತಪುರದ ಒಂದು ಪೈಪ್ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ ಮಾಡುತ್ತಿದ್ದೆ. ಓದಿದ್ದು ಬಿಕಾಂ. ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಹಠಮಾರಿಯಾಗಿತ್ತು. ವಾಪಸು ಬಂದ ಮಾಲನ್ನು ಅದಕ್ಕೆ ಹೇಳಿದರೆ ಇನ್ನೊಂದು ಸಲ ಮಾರಾಟವಾಯಿತು ಎಂದು ಬರೆದುಕೊಳ್ಳುತ್ತಿತ್ತು. ಇದಕ್ಕೆ ಹೀಗೆ ಮಾಡು ಎಂದು ಹೇಳಿಕೊಟ್ಟವರು ಯಾರು, ಅವರು ಯಾವ ಭಾಷೆಯಲ್ಲಿ ಹೇಳಿದರು ಎಂಬ ಕುತೂಹಲ ನನಗೆ ಹತ್ತಿದ್ದು ಅಲ್ಲಿ. ಮನೆಯಲ್ಲೇ ಪುಸ್ತಕಗಳಿವೆಯಲ್ಲ ಎಂದು ಒಂದು ಯುಗಾದಿಯ ಊಟದ ಹೊತ್ತಿನಲ್ಲಿ ಭಾವನನ್ನು ಕೇಳಿದೆ.

"ಭಾವ, ಪ್ರೋಗ್ರಾಮಿಂಗ್ ಕಲಿಯಕ್ಕೆ ಒಂದು ಪುಸ್ತಕ ಕೊಡ್ತೀರಾ? ಓದಿ ವಾಪಸ್ ಇಡ್ತೀನಿ."

ಅವರು ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತಾ, "ಅದು ಅಡುಗೆ ಪುಸ್ತಕ ಅಲ್ಲಮ್ಮ, ನೋಡ್ಕೊಂಡು ಮಾಡಕ್ಕೆ," ಎಂದರು.

ಸಾಲಿನಲ್ಲಿ ಕೂತವರೆಲ್ಲ ನಕ್ಕರು. ನನ್ನ ಗಂಡನೂ ನಕ್ಕ. ಬಡಿಸುತ್ತಾ ನಿಂತಿದ್ದ ಅಕ್ಕ, ಭಾವನ ಹೆಂಡತಿ, ಮಾತ್ರ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ನಾನೂ ನಕ್ಕೆ, ಬೇರೇನು ಮಾಡಬೇಕೋ ತಿಳಿಯಲಿಲ್ಲ. ಆ ನಗುವನ್ನು ನಾನು ಇಂದಿಗೂ ಅವರ ಲೆಕ್ಕದಲ್ಲೇ ಇಟ್ಟಿದ್ದೇನೆ.

ಮೊದಲ ಪುಸ್ತಕ ಸಿಕ್ಕಿದ್ದು ಯಶವಂತಪುರ ಸ್ಟೇಷನ್ನಿಗೆ ಹೋಗುವ ದಾರಿಯ ಫುಟ್‌ಪಾತಿನಲ್ಲಿ. ರಟ್ಟು ಹರಿದಿತ್ತು, ಯಾರೋ ಮೊದಲ ಅಧ್ಯಾಯಕ್ಕೆಲ್ಲ ಹಳದಿ ಬಣ್ಣ ಬಳಿದು ಎರಡನೆಯದಕ್ಕೆ ಕೈ ಚೆಲ್ಲಿದ್ದರು. ಅಂಗಡಿಯಲ್ಲಿ ಮೂಲೆಗೆ ತಳ್ಳಿದ್ದ ಹಳೆಯ ಕಂಪ್ಯೂಟರನ್ನು ಕೇಳಿ ಮನೆಗೆ ತಂದೆ. ಬೆಳಿಗ್ಗೆ ಹೆಬ್ಬಾಳದ ಫ್ಲೈಓವರ್ ಹತ್ತಿರ ಬಸ್ಸು ನಿಂತರೆ ನಿಂತೇ ಬಿಡುತ್ತದಲ್ಲ, ಆ ಹೊತ್ತು ನನ್ನ ಶಾಲೆ. ಪಕ್ಕದವರು ಟ್ರಾಫಿಕ್ಕಿಗೆ ಶಾಪ ಹಾಕುತ್ತಿದ್ದರೆ ನಾನು ಪುಟ ತಿರುಗಿಸುತ್ತಿದ್ದೆ. ಭಾನುವಾರ ಮಧ್ಯಾಹ್ನ ಓದಿದ್ದನ್ನು ಟೈಪ್ ಮಾಡಿ ನೋಡುತ್ತಿದ್ದೆ.

ಮೊದಮೊದಲು ಪುಸ್ತಕದಲ್ಲಿದ್ದ ಪ್ರೋಗ್ರಾಂ ಓಡದಿದ್ದರೆ ತಪ್ಪು ನನ್ನದೇ ಎಂದುಕೊಳ್ಳುತ್ತಿದ್ದೆ. ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಹೋಲಿಸುತ್ತಿದ್ದೆ. ಎಲ್ಲವೂ ಪುಸ್ತಕದಲ್ಲಿದ್ದಂತೆಯೇ ಇರುತ್ತಿತ್ತು, ಆದರೂ ಓಡುತ್ತಿರಲಿಲ್ಲ. ಭಾವ ಹೇಳಿದ್ದು ನಿಜವಿರಬೇಕು, ಇದು ನನ್ನಂಥವರಿಗಲ್ಲ ಎಂದು ಕಂಪ್ಯೂಟರಿನ ಮೇಲೆ ಹಳೆಯ ಟವೆಲ್ ಹೊದಿಸಿ ವಾರಗಟ್ಟಲೆ ಹತ್ತಿರ ಸುಳಿಯದೆ ಇದ್ದದ್ದೂ ಉಂಟು. ಆಮೇಲೆ ಬೇರೆ ಪುಸ್ತಕ ಓದಿ ವಾಪಸು ಬಂದು ನೋಡಿದಾಗ ಗೊತ್ತಾಯಿತು: ತಪ್ಪು ಪುಸ್ತಕದ್ದು. ಬರೆದವನು ಆ ಪ್ರೋಗ್ರಾಮನ್ನು ಒಮ್ಮೆಯೂ ಓಡಿಸಿ ನೋಡಿರಲಿಲ್ಲ. ನಾನು ಅಳುತ್ತಾ ಕಳೆದ ಭಾನುವಾರಗಳು ಯಾರದೋ ಸೋಮಾರಿತನಕ್ಕೆ ಹೋಗಿದ್ದವು. ಆ ಪುಸ್ತಕ ಈಗ ನಮ್ಮ ವಾಷಿಂಗ್ ಮಷೀನಿನ ಒಂದು ಕಾಲಿನ ಕೆಳಗಿದೆ. ಆ ಕೆಲಸವನ್ನು ಮಾತ್ರ ಚೆನ್ನಾಗಿ ಮಾಡುತ್ತಿದೆ.

ಹಾಗಾಗಿ ತಾಂತ್ರಿಕ ಪುಸ್ತಕಗಳ ಬಗ್ಗೆ ನನ್ನ ಅಭಿಪ್ರಾಯಗಳೆಲ್ಲ ಸಿಟ್ಟಿನಲ್ಲಿ ಹುಟ್ಟಿದವು. "ಇದು ಬಹಳ ಸುಲಭ" ಎಂದು ಬರೆಯುವವರನ್ನು ನಾನು ನಂಬುವುದಿಲ್ಲ. ಸುಲಭವೋ ಕಷ್ಟವೋ ಹೇಳಬೇಕಾದವಳು ನಾನು. "ಉಳಿದದ್ದನ್ನು ಓದುಗರೇ ಮಾಡಿಕೊಳ್ಳಬಹುದು" ಎಂಬ ಸಾಲು ಕಂಡರೆ ಬರೆಯುವವನಿಗೇ ಅದು ಬರುವುದಿಲ್ಲ ಎಂದು ತಿಳಿಯುತ್ತೇನೆ. ಇಟ್ಟಿಗೆಯಂತೆ ದಪ್ಪಗಿರುವ ಪುಸ್ತಕಗಳಲ್ಲಿ ಅರ್ಧದಷ್ಟು ಪರದೆಯ ಚಿತ್ರಗಳಿರುತ್ತವೆ. ಆ ಚಿತ್ರ ನನ್ನ ಮುಂದಿನ ಪರದೆಯಲ್ಲೇ ಕಾಣುತ್ತಿರುವಾಗ ಅದನ್ನು ನಾನು ಹೊತ್ತು ತಿರುಗಬೇಕೇಕೆ?

ಹವ್ಯಾಸದ ಪುಸ್ತಕಗಳು ಹಾಗಲ್ಲ. ತಲೆ ಕಾದಾಗ ಓದಲೆಂದು ತಾರಸಿ ತೋಟದ್ದೊಂದು, ಕ್ರೋಶಾ ಹೆಣಿಗೆಯದ್ದೊಂದು ಪುಸ್ತಕ ತಂದಿದ್ದೆ. ತೋಟದ ಪುಸ್ತಕ ಬರೆದಾಕೆ ಆರಂಭದಲ್ಲೇ, ಮೊದಲ ವರ್ಷ ನನ್ನ ಟೊಮೇಟೊ ಗಿಡಗಳೆಲ್ಲ ಸತ್ತವು, ನೀರು ಜಾಸ್ತಿ ಹಾಕಿ ಬೇರು ಕೊಳೆಸಿದೆ ಎಂದು ಬರೆದುಕೊಂಡಿದ್ದಳು. ನಾನು ಅವಳನ್ನು ಆ ಕ್ಷಣವೇ ನಂಬಿದೆ. ಎಂಜಿನಿಯರುಗಳು ಬರೆದ ಪುಸ್ತಕದಲ್ಲಿ ಯಾರ ಗಿಡವೂ ಸಾಯುವುದಿಲ್ಲ. ಕ್ರೋಶಾದ ಪುಸ್ತಕದಲ್ಲಿ ಈ ಹೆಣಿಗೆಯನ್ನು ಅಂಚು ಬರುವ ತನಕ ಮತ್ತೆ ಮತ್ತೆ ಹಾಕಿ, ಅಂಚಿನಲ್ಲಿ ಒಂದು ಕಣ್ಣು ಬಿಟ್ಟು ತಿರುಗಿ ಎಂದಿತ್ತು. ಪ್ರೋಗ್ರಾಮಿನ ಲೂಪ್ ಎಂದರೆ ಏನು, ಅದು ಎಲ್ಲಿ ನಿಲ್ಲಬೇಕು ಎಂಬುದು ನನಗೆ ಪೂರ್ತಿ ಹತ್ತಿದ್ದು ಆ ಸೂಜಿ ಹಿಡಿದಾಗ. ಇನ್ನು ಭಾವ ಹಳಿದ ಅಡುಗೆ ಪುಸ್ತಕದ ವಿಷಯ. ಅದರಷ್ಟು ಪ್ರಾಮಾಣಿಕವಾದ ತಾಂತ್ರಿಕ ಪುಸ್ತಕ ಇನ್ನೊಂದಿಲ್ಲ. ಉಪ್ಪಿನ ಅಳತೆ ತಪ್ಪು ಬರೆದರೆ ಮಧ್ಯಾಹ್ನದ ಊಟಕ್ಕೆ ಇಡೀ ಮನೆಗೆ ಗೊತ್ತಾಗುತ್ತದೆ.

ಕೆಲವು ವರ್ಷಗಳಲ್ಲಿ ಹೆಬ್ಬಾಳದ ಹತ್ತಿರ, ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಮನೆಯಲ್ಲಿ ಹೇಳಿದಾಗ ಭಾವ, "ಡೇಟಾ ಎಂಟ್ರಿನಾ?" ಎಂದರು. "ಅಲ್ಲ ಭಾವ, ಪ್ರೋಗ್ರಾಮರ್," ಎಂದೆ. "ಈಗೆಲ್ಲ ಹಂಗೇ ಕರೀತಾರೆ," ಎಂದು ಪೇಪರ್ ಬಿಡಿಸಿದರು.

ಅದೇ ದಿನಗಳಲ್ಲಿ ನಾನು ಇಂಟರ್ನೆಟ್ಟಿನಲ್ಲಿ ಒಂದು ಪುಟ ಶುರುಮಾಡಿದೆ. ನನ್ನ ಹೆಸರು ಹಾಕಲಿಲ್ಲ. ಓದಿದ ಪುಸ್ತಕಗಳಲ್ಲಿನ ಪ್ರೋಗ್ರಾಂಗಳನ್ನೆಲ್ಲ ಟೈಪ್ ಮಾಡಿ ಓಡಿಸಿ, ಯಾವುದು ಓಡಿತು, ಯಾವುದು ಮುಗ್ಗರಿಸಿತು ಎಂದು ಕನ್ನಡದಲ್ಲಿ ಬರೆಯುತ್ತಿದ್ದೆ. ನನ್ನ ಹಾಗೆ ಒಬ್ಬರೇ ಕೂತು ಕಲಿಯುವವರು, ಕಾಲೇಜು ಹುಡುಗರು ಓದತೊಡಗಿದರು.

ಆಗ ಭಾವನ ಪುಸ್ತಕ ಬಂತು.

ಅವರ ಕಾಲೇಜಿನ ಮಕ್ಕಳು ಕೊಳ್ಳಲೇಬೇಕಾದ ಪ್ರೋಗ್ರಾಮಿಂಗ್ ಗೈಡ್ ಅದು. ಮನೆಯಲ್ಲಿ ಪೂಜೆ ಮಾಡಿಸಿ ಎಲ್ಲರಿಗೂ ಒಂದೊಂದು ಪ್ರತಿ ಹಂಚಿದರು. ಕನ್ನಡಕ ಹಾಕಿಕೊಂಡರೂ ಇಂಗ್ಲಿಷ್ ಓದಲು ಬಾರದ ಮಾವನಿಗೊಂದು, ಯಲಹಂಕದಲ್ಲಿ ಪೇಂಟ್ ಅಂಗಡಿ ಇಟ್ಟಿರುವ ನನ್ನ ಗಂಡನಿಗೊಂದು. ಪ್ರೋಗ್ರಾಂ ಬರೆದೇ ಸಂಬಳ ತರುವ ನನಗೆ ಇಲ್ಲ. "ಒಂದು ಮನೆಗೆ ಒಂದು ಸಾಕಲ್ಲ," ಎಂದರು.

ಗಂಡನ ಪ್ರತಿಯನ್ನು ನಾನೇ ಓದಿದೆ. ಮುನ್ನುಡಿಯಲ್ಲಿ ದೇವರು, ತಂದೆತಾಯಿ, ಪ್ರಿನ್ಸಿಪಾಲರು, ಆಡಳಿತ ಮಂಡಳಿ, ಎಲ್ಲರಿಗೂ ಕೃತಜ್ಞತೆ ಇತ್ತು. ಇಡೀ ಪುಸ್ತಕವನ್ನು ಟೈಪ್ ಮಾಡಿಕೊಟ್ಟ ಅಕ್ಕನ ಸುದ್ದಿ ಇರಲಿಲ್ಲ. ಒಳಗಿನ ಪ್ರೋಗ್ರಾಂಗಳನ್ನು ಓಡಿಸುತ್ತಾ ಹೋದೆ. ಕೆಲವು ಶುರುವೇ ಆಗಲಿಲ್ಲ, ಒಂದು ನಿಲ್ಲಲೇ ಇಲ್ಲ. ವಿದ್ಯಾರ್ಥಿಗಳ ಹೆಸರುಗಳನ್ನು ಅಂಕಗಳ ಪ್ರಕಾರ ಜೋಡಿಸುವ ಪ್ರೋಗ್ರಾಂ ಒಂದಿತ್ತು. ಅದು ಪ್ರತಿ ಸಲವೂ ಪಟ್ಟಿಯ ಕೊನೆಯ ಹೆಸರನ್ನು ನುಂಗಿಬಿಡುತ್ತಿತ್ತು. ಪುಸ್ತಕದಲ್ಲಿ ಮಾತ್ರ ಎಲ್ಲ ಹೆಸರುಗಳೂ ಅಚ್ಚುಕಟ್ಟಾಗಿ ಸಾಲಾಗಿ ನಿಂತಿದ್ದವು. ಅಂದರೆ ಉತ್ತರವನ್ನು ಕೈಯಲ್ಲೇ ಬರೆದು ಅಚ್ಚು ಹಾಕಿಸಿದ್ದರು.

ನನಗೆ ಎಷ್ಟು ಖುಷಿಯಾಯಿತೆಂದರೆ, ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದು ಕೂತೆ. ಅವಸರ ಮಾಡಿ ಇದನ್ನು ಹಾಳುಮಾಡಬಾರದು ಎನಿಸಿತು. ವಾರವಿಡೀ ಬರೆದೆ. ಒಂದು ಬೈಗುಳವನ್ನೂ ಸೇರಿಸಲಿಲ್ಲ. ಪುಟದ ಸಂಖ್ಯೆ, ಪುಸ್ತಕ ಹೇಳಿದ ಉತ್ತರ, ಕಂಪ್ಯೂಟರ್ ಕೊಟ್ಟ ಉತ್ತರ, ಇಷ್ಟನ್ನೇ ಪಕ್ಕಪಕ್ಕ ಇಟ್ಟೆ. ಕೊನೆಗೆ, ಈ ಪುಸ್ತಕ ನೋಡಿ ಕಲಿಯುವ ಮಕ್ಕಳು ತಾವು ದಡ್ಡರೆಂದು ಅಳಬಾರದು, ದಡ್ಡತನ ಪುಸ್ತಕದ್ದು ಎಂದು ಬರೆದೆ.

ಭಾವನ ವಿದ್ಯಾರ್ಥಿಗಳೇ ಅದನ್ನು ಒಬ್ಬರಿಂದೊಬ್ಬರಿಗೆ ಕಳಿಸಿಕೊಂಡರು. ಕ್ಲಾಸಿನಲ್ಲಿ ಹಾಜರಿ ಕರೆದಾಗ ಕೊನೆಯ ನಂಬರಿನ ಹುಡುಗ, "ಸರ್, ನಾನಿದ್ದೀನಾ?" ಎಂದು ಕೇಳಿದನಂತೆ. ಇದನ್ನು ಹೇಳಿದ್ದು ಅದೇ ಕಾಲೇಜಿನಲ್ಲಿ ಓದಿ ನಮ್ಮ ಕಂಪನಿಗೆ ಸೇರಿದ್ದ ಹುಡುಗಿ. ನಾನು ಅವಳಿಂದ ಎರಡು ಸಲ ಹೇಳಿಸಿ ಕೇಳಿದೆ.

ಆ ವಾರವೇ ಭಾವ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದರು. ನನ್ನನ್ನು ಕೇಳಿಕೊಂಡು ಅವರು ಮೇಲೆ ಬಂದದ್ದು ಅದೇ ಮೊದಲು.

"ಯಾವನೋ ನನ್ ಪುಸ್ತಕದ ಬಗ್ಗೆ ಇಲ್ಲಸಲ್ಲದ್ದು ಬರ್ದಿದ್ದಾನೆ. ಯಾರು ಅಂತ ಕಂಡುಹಿಡಿಯಕ್ಕಾಗುತ್ತಾ? ನೀನು ಇದೇ ಲೈನಲ್ಲಿದ್ದೀಯಲ್ಲ."

ನಾನೂ ಆ ಲೈನಿನಲ್ಲಿದ್ದೇನೆ ಎಂದು ಅವರ ಬಾಯಿಂದ ಕೇಳಿದ್ದೂ ಅದೇ ಮೊದಲು.

"ಕಷ್ಟ ಭಾವ. ಹೆಸರೇ ಹಾಕಿಲ್ಲ," ಎಂದೆ.

"ಓದಿಲ್ಲದವನು, ಬರ್ದಿರೋ ರೀತಿ ನೋಡಿದ್ರೇ ಗೊತ್ತಾಗುತ್ತೆ. ಒಂದು ಉತ್ತರ ಕೊಡ್ಬೇಕು. ಕನ್ನಡದಲ್ಲಿ ಟೈಪ್ ಮಾಡಿಕೊಡ್ತೀಯಾ?"

ಮಾಡಿಕೊಟ್ಟೆ. ಅವರು ಹೇಳಿದಂತೆಯೇ, ಒಂದು ಅಕ್ಷರವನ್ನೂ ಬದಲಾಯಿಸದೆ. ಪದವಿ ಇಲ್ಲದವರು ವಿದ್ವಾಂಸರ ಕೃತಿಗಳನ್ನು ಅಳೆಯಲು ಹೊರಟಿರುವುದು ಕಾಲದ ದುರಂತ ಎಂದು ಶುರುವಾಗಿ ಅದೇ ಧಾಟಿಯಲ್ಲಿ ಉದ್ದಕ್ಕೆ ಸಾಗಿತ್ತು. ಅವರು ಹೇಳುತ್ತಾ ಹಾಲಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರೆ, ನಾನು ಕಾಗುಣಿತ ಕೇಳಿ ಕೇಳಿ ತಿದ್ದಿಕೊಂಡೆ. ಅವರ ಹೆಸರಿನಲ್ಲೇ ನನ್ನ ಪುಟಕ್ಕೆ ಹಾಕಿದೆ. ಮರುದಿನ ಅದರ ಕೆಳಗೆ ನನ್ನ ಉತ್ತರ ಬರೆದೆ: ಮಾನ್ಯರೇ, ಪದವಿಯ ವಿಷಯ ಇರಲಿ. ಅಂಕಗಳ ಪ್ರೋಗ್ರಾಮನ್ನು ದಯವಿಟ್ಟು ಒಮ್ಮೆ ಓಡಿಸಿ, ಏನು ಬಂತೆಂದು ಇಲ್ಲಿ ಹಾಕಿ.

ಅವರು ಹಾಕಲಿಲ್ಲ. ಅವರ ವಿದ್ಯಾರ್ಥಿಗಳು ಹಾಕಿದರು, ಒಬ್ಬರಾದ ಮೇಲೆ ಒಬ್ಬರು. ಎಲ್ಲರ ಪಟ್ಟಿಯಲ್ಲೂ ಕೊನೆಯ ಹೆಸರು ಮಾಯ.

ಬಯಲಾಗಿದ್ದು ಒಂದು ಭಾನುವಾರ, ಕೆಳಗಿನ ಮನೆಯಲ್ಲಿ ಎಲ್ಲರೂ ಮುದ್ದೆ, ನಾಟಿ ಕೋಳಿ ಸಾರು ಊಟ ಮಾಡುತ್ತಿದ್ದಾಗ. ಭಾವ ಮತ್ತೆ ಆ ವಿಷಯ ತೆಗೆದು, ಅವನು ಕೈಗೆ ಸಿಕ್ಕಿದರೆ ಬಿಡುವುದಿಲ್ಲ ಎಂದರು. ಸಿಕ್ಕಿಯೇ ಬಿಡೋಣ ಎನಿಸಿತು. ಇಷ್ಟು ದಿನ ಆ ಖುಷಿಯನ್ನು ಒಬ್ಬಳೇ ಅನುಭವಿಸಿದ್ದೆ, ಅದನ್ನು ಅವರೂ ನೋಡಬೇಕಿತ್ತು.

"ನಾನೇ ಬರೆದದ್ದು ಭಾವ," ಎಂದೆ.

ಯಾರೂ ನಗಲಿಲ್ಲ. ಭಾವನ ಕೈಯ ಮುದ್ದೆ ಸಾರಿನಲ್ಲೇ ನಿಂತಿತು. "ನೀನಾ?" ಎಂದವರು ತಮ್ಮನ ಕಡೆ ತಿರುಗಿ, "ನಿಂಗೆ ಗೊತ್ತಿತ್ತೇನೋ?" ಎಂದರು. ನನ್ನ ಗಂಡ ಇಲ್ಲವೆಂದು ತಲೆಯಾಡಿಸಿದ. "ಮನೆ ಮರ್ಯಾದೆ ಬೀದಿಗೆ ಹಾಕಿದ್ಯಲ್ಲೇ," ಎಂದ ನನಗೆ.

"ಪುಸ್ತಕ ಬೀದಿಗೆ ತಂದವರು ನಾನಲ್ಲ ರೀ," ಎಂದೆ.

ಮಾವ ಅಷ್ಟು ಹೊತ್ತೂ ಮೂಳೆ ಕಡಿಯುತ್ತಿದ್ದರು. ಅದನ್ನು ತಟ್ಟೆಯ ಅಂಚಿಗಿಟ್ಟು ದೊಡ್ಡ ಮಗನನ್ನು ನೋಡಿದರು. "ಅಂಗಾರೆ ಅವ್ಳು ಬರ್ದಿರೋದು ಸುಳ್ಳೇನ್ಲಾ?"

ಭಾವ ಅರ್ಧ ಊಟದಲ್ಲೇ ಎದ್ದರು. ಕೈ ತೊಳೆದು ಮೇಲೆ ಹೋದರು. ನಾನು ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಮೆಟ್ಟಿಲ ಮೇಲೆ ಎದುರಾದರೆ ಫೋನ್ ನೋಡುತ್ತಾರೆ. ಮುಂದಿನ ವರ್ಷ ಅವರ ಪುಸ್ತಕದ ಪರಿಷ್ಕೃತ ಮುದ್ರಣ ಬಂತು. ನಾನು ತೋರಿಸಿದ್ದ ತಪ್ಪುಗಳನ್ನೆಲ್ಲ, ಬಹುತೇಕ ನಾನು ಬರೆದಿದ್ದ ರೀತಿಯಲ್ಲೇ, ತಿದ್ದಿದ್ದರು. ಮುನ್ನುಡಿಯಲ್ಲಿ ಅದೇ ದೇವರು, ಅದೇ ಪ್ರಿನ್ಸಿಪಾಲರು. ಅದಕ್ಕೂ ಒಂದು ವಿಮರ್ಶೆ ಬರೆದೆ. ಈಗ ಎಲ್ಲ ಪ್ರೋಗ್ರಾಂಗಳೂ ಓಡುತ್ತವೆ, ಮಕ್ಕಳು ಧೈರ್ಯವಾಗಿ ಕೊಳ್ಳಬಹುದು, ತಿದ್ದಿದವರು ಯಾರೆಂದು ಲೇಖಕರಿಗೆ ಚೆನ್ನಾಗಿ ಗೊತ್ತು ಎಂದು. ಈ ಸಲ ಕೆಳಗೆ ನನ್ನ ಹೆಸರು ಹಾಕಿದೆ.

ಅದಾದ ಸ್ವಲ್ಪ ದಿನಕ್ಕೆ, ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಅಕ್ಕ ಬಂದರು. ಅವರು ಗಂಡನ ಪರ ವಹಿಸಿ ಬೈಯಲು ಬಂದಿದ್ದಾರೆ ಎಂದುಕೊಂಡು ನಾನೂ ಮಾತು ಸಿದ್ಧಮಾಡಿಕೊಂಡೆ. ಅವರು ನನ್ನ ಬಕೆಟ್ಟಿನಿಂದ ಒಂದು ದುಪ್ಪಟಿ ತೆಗೆದು, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಹಿಂಡುತ್ತಾ ಹೇಳಿದರು.

"ಟೈಪ್ ಮಾಡುವಾಗ್ಲೇ ನಂಗೆ ಅನುಮಾನ ಬಂದಿತ್ತು ಕಣೇ. ಒಂದೇ ಪ್ರೋಗ್ರಾಮ್ನ ಎರಡು ಪುಟದಲ್ಲಿ ಎರಡು ಥರ ಬರ್ದಿದ್ರು. ಕೇಳಿದ್ದಕ್ಕೆ, ನೀನು ಬರೀ ಟೈಪ್ ಮಾಡು ಅಂದ್ರು."

"ನಂಗೆ ಹೇಳ್ಬೇಕಿತ್ತಲ್ಲ ಅಕ್ಕ."

"ಏಳನೇ ಅಧ್ಯಾಯನ ನೀನು ಸರಿಯಾಗಿ ನೋಡೇ ಇಲ್ಲ," ಎಂದರು ಅಕ್ಕ. "ಓಡಿದ್ರೂ ತಪ್ಪು ಉತ್ತರ ಕೊಡೋವು ಅದ್ರಲ್ಲಿ ಇನ್ನೂ ಇವೆ. ಹೊಸದ್ರಲ್ಲೂ ಹಂಗೇ ಬಿಟ್ಟಿದ್ದಾರೆ."

ದುಪ್ಪಟಿಯನ್ನು ತಂತಿಯ ಮೇಲೆ ಹರವಿ, ಇಬ್ಬರೂ ನನ್ನ ಕಂಪ್ಯೂಟರಿನ ಮುಂದೆ ಹೋಗಿ ಕೂತೆವು.