ಹುಟ್ಟದೇ ಇದ್ದ ಚಿಕ್ಕತಾತ

ನನ್ನ ಷಡ್ಡಕರು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ನೆಂಟರ ಮನೆಗಳಲ್ಲಿ ಟೀವಿ ಸದ್ದು ತಗ್ಗುತ್ತಿತ್ತು. ಒಳಗೆ ಯಾರೂ ಇಲ್ಲವೆಂದು ತೋರಿಸಲು. ಪೊಲೀಸರು ಬಂದರೂ ಜನ ಇಷ್ಟು ಹೆದರುವುದಿಲ್ಲ. ಪಾಪ, ಅವರು ಕೇಳುತ್ತಿದ್ದುದು ಇಷ್ಟೇ: “ನಿಮ್ಮಜ್ಜಿಯ ಅಪ್ಪಂಗೆ ಅಣ್ಣತಮ್ಮಂದಿರು ಎಷ್ಟು ಜನ?”

ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಕೂತು ಕೂತು ಬೆನ್ನು ಬಾಗಿಸಿಕೊಂಡವರು ಅವರು. ನಿವೃತ್ತಿಯಾದ ಮೇಲೆ ಬೇರೆಯವರಾದರೆ ವಾಕಿಂಗ್ ಹೋಗುತ್ತಾರೆ, ಇಲ್ಲವೇ ಅಡುಗೆಮನೆಯ ಡಬ್ಬಗಳ ಜಾಗ ಬದಲಿಸಿ ಹೆಂಡತಿಯಿಂದ ಬೈಸಿಕೊಳ್ಳುತ್ತಾರೆ. ಇವರು ವಂಶವೃಕ್ಷ ಹಿಡಿದು ಕೂತರು. ಅವರ ತಂದೆ ತೀರಿಕೊಂಡ ದಿನ ಮನೆ ತುಂಬ ಜನ ಬಂದಿದ್ದರು. “ನಾವು ತೀರಾ ಹತ್ತಿರದವರು” ಎಂದವರನ್ನು “ಹೇಗೆ?” ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂದು ತಲೆಗೆ ಹೊಕ್ಕ ಹುಳ ಮತ್ತೆ ಹೊರಗೆ ಬರಲಿಲ್ಲ.

ಅವರದೊಂದು ಕಟ್ಟುನಿಟ್ಟು. ಒಬ್ಬರು ಹೇಳಿದ ಹೆಸರು ಪೆನ್ಸಿಲ್ಲಿನಲ್ಲಿ. ಇನ್ನೊಬ್ಬರು ಹೌದೆಂದ ಮೇಲೆಯೇ ಇಂಕಿನಲ್ಲಿ. ನನ್ನ ಅಂಗಡಿಯ ಬೀಗ, ಚಿಲಕ, ಮೊಳೆಗಳ ದಾಸ್ತಾನನ್ನು ನಾನು ಅಷ್ಟು ಜೋಪಾನ ಮಾಡಿದ್ದರೆ ಈ ಹೊತ್ತಿಗೆ ಎರಡನೇ ಅಂಗಡಿ ಇಟ್ಟಿರುತ್ತಿದ್ದೆ. ಆ ದೊಡ್ಡ ಹಾಳೆಯಲ್ಲಿ ಅವರ ಹೆಸರಿನಿಂದ ಮಾತ್ರ ಕೆಳಕ್ಕೆ ಗೆರೆ ಇಳಿಯುವುದಿಲ್ಲ, ಮಕ್ಕಳಿಲ್ಲ. ಎಲ್ಲವನ್ನೂ ಗೇಲಿ ಮಾಡುವ ನಾನು ಅದರ ತಂಟೆಗೆ ಹೋದವನಲ್ಲ. ಒಮ್ಮೆ ಅವರೇ ಅಂದಿದ್ದರು, “ನಾನು ಹೋದ್ಮೇಲೆ ಇದೊಂದು ಉಳಿಯುತ್ತೆ. ಇದರಲ್ಲಿ ಸುಳ್ಳಿಲ್ಲ ಅಂತ ಜನ ಅಂದ್ರೆ ಸಾಕು ನಂಗೆ.”

ಹಳೇ ತಲೆ ಎಂದು ಉಳಿದದ್ದು ಅವರ ಸೋದರತ್ತೆ ಒಬ್ಬರೇ. ಊರಿನ ಇನ್ನೊಂದು ತುದಿಯಲ್ಲಿ, ಕಡಿದಾದ ಮೆಟ್ಟಿಲುಗಳ ಮೇಲೆ, ಒಂದು ಕೋಣೆ. ಕಿಟಕಿ ತೆರೆದರೆ ಎದುರು ಮನೆಯ ಗೋಡೆ, ಅದರ ಮೇಲೆ ಸೋರುವ ನೀರಿನ ಪೈಪು. ಅತ್ತೆ ಒಂದು ಸಲಕ್ಕೆ ಒಂದೇ ಹೆಸರು ಬಿಡುತ್ತಿದ್ದರು. “ಮಿಕ್ಕಿದ್ದು ನೆನಪಾಗ್ತಿಲ್ಲ ಕಣೋ. ಮುಂದಿನ ವಾರ ಬಾ.” ಗಿರಾಕಿಯನ್ನು ಹೀಗೆ ಓಡಾಡಿಸುವ ಕಲೆ ನನಗೂ ಒಲಿದಿಲ್ಲ.

ಹೆಸರುಗಳು ಮುಗಿಯುತ್ತ ಬಂದಾಗ ಅತ್ತೆ ಹೊಸದೊಂದನ್ನು ತೆಗೆದರು. ತಮ್ಮ ತಂದೆಗೆ ಒಬ್ಬ ಕಡೇ ತಮ್ಮನಿದ್ದನಂತೆ, ಜಗಳವಾಡಿ ಮನೆ ಬಿಟ್ಟು ದೂರದ ಬಟ್ಟೆ ಗಿರಣಿ ಸೇರಿದನಂತೆ. ಷಡ್ಡಕರಿಗೆ ಚಿಕ್ಕತಾತ ಆಗಬೇಕು. ಪೆನ್ಸಿಲ್ ಹೊರಬಂತು.

ಎರಡನೇ ಸಾಕ್ಷಿಗೆಂದು ತಮ್ಮ ದೊಡ್ಡಪ್ಪನ ಮಗನ ಬಳಿ ಹೋದರು. ಆತ ಬಸ್ ಕಂಡಕ್ಟರ್ ಆಗಿದ್ದವನು. ಕೆಲಸಕ್ಕೆ ನಿವೃತ್ತಿ ಸಿಕ್ಕಿದೆ, ಗಂಟಲಿಗೆ ಸಿಕ್ಕಿಲ್ಲ. “ಚಿಕ್ಕತಾತ ತಾನೇ? ಗೊತ್ತಿಲ್ದೇ ಏನು! ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಬೀದಿಯೆಲ್ಲ ಸುತ್ತಿಸಿದ್ದಾರೆ. ನಿನ್ನ ಎತ್ಕೊಂಡಿಲ್ಲ ಬಿಡು, ನೀನು ಯಾವಾಗ್ಲೂ ಅಳುಬುರುಕ.”

ಇಂಕು ಬಿತ್ತು. ಕಂಡಕ್ಟರಣ್ಣ ಅಷ್ಟಕ್ಕೇ ಬಿಡದೆ ಆ ಹಾಳೆಯನ್ನು ಜೆರಾಕ್ಸ್ ಮಾಡಿಸಿ ನೆಂಟರಿಷ್ಟರಿಗೆಲ್ಲ ಹಂಚಿಬಿಟ್ಟ.

ಇಂಕು ಬಿದ್ದ ಮೇಲೆ ಚಿಕ್ಕತಾತನ ಹೆಂಡತಿ ಮಕ್ಕಳೂ ಬೇಕಲ್ಲ. ಷಡ್ಡಕರು ಬಸ್ ಹತ್ತಿದರು. ಗಿರಣಿ ಮುಚ್ಚಿ ಯಾವ ಕಾಲವಾಗಿತ್ತೋ. ಕಾವಲುಗಾರ ಪಿಂಚಣಿ ಕಚೇರಿಗೆ ಹೋಗಿ ಎಂದ. ಕಚೇರಿಯವರು ಹಳೇ ಕಾರ್ಮಿಕರ ಬೀದಿ ತೋರಿಸಿದರು. ಬೀದಿಯವರು ಗಿರಣಿಯಲ್ಲೇ ಕೇಳಿ ಎಂದರು. ಕಾಲು ಊದಿಸಿಕೊಂಡು ವಾಪಸು ಬಂದವರು ಮನೆಗೂ ಹೋಗದೆ ಅತ್ತೆಯ ಮೆಟ್ಟಿಲು ಹತ್ತಿದರು. ಮುಂದಿನದನ್ನು ಅವರೇ ನನಗೆ ಹೇಳಿದ್ದು.

ಅತ್ತೆ ಆ ಪಾದಗಳನ್ನೇ ಸ್ವಲ್ಪ ಹೊತ್ತು ನೋಡಿದರಂತೆ. “ಸಾಕು ಬಿಡೋ. ಹುಡುಕ್ಬೇಡ. ಅವನಿಲ್ಲ.”

“ತೀರ್ಕೊಂಡ್ರಾ ಅತ್ತೆ?”

“ಹುಟ್ಟಿದ್ರೆ ತಾನೇ ತೀರ್ಕೊಳ್ಳೋದು?”

ಅತ್ತೆಯೇ ಮುಂದುವರಿಸಿದರು. “ಹೆಸ್ರು ಮುಗಿದ್ರೆ ನೀನು ಬರಲ್ವಲ್ಲ. ಅದಕ್ಕೆ ಹಾಗಂದೆ. ನೀನು ಬಸ್ ಹತ್ತಿ ಹೊರಟೇಬಿಡ್ತೀಯ ಅಂತ ಯಾರಿಗೆ ಗೊತ್ತಿತ್ತು?”

ಸಂಜೆ ಅಂಗಡಿಗೆ ಬಂದು ನನ್ನ ಸ್ಟೂಲಿನ ಮೇಲೆ ಕುಸಿದು ಕೂತರು. ನಾನು ಸಮಾಧಾನ ಹೇಳಿದೆ: “ಇರ್ಲಿ ಬಿಡಿ ಭಾವ. ನಮ್ಮ ನೆಂಟರಲ್ಲಿ ಯಾರಿಗೂ ತೊಂದ್ರೆ ಕೊಡದೋರು ಅಂದ್ರೆ ಅವರೊಬ್ಬರೇ.”

ಅವರು ನಗಲಿಲ್ಲ. “ಒಂದು ಸುಳ್ಳಿದ್ರೆ ಇಡೀ ಹಾಳೆ ಸುಳ್ಳು,” ಎಂದರು. “ತೆಗೀಲೇಬೇಕು.”

ತೆಗೆಯುವುದು ಎಲ್ಲಿಂದ? ಕಂಡಕ್ಟರಣ್ಣನ ಮೊಮ್ಮಗಳ ಮದುವೆ ಬಂತು. ಆ ಮಹಾನುಭಾವ ವಂಶವೃಕ್ಷವನ್ನು ಫ್ಲೆಕ್ಸ್ ಮಾಡಿಸಿ ಛತ್ರದ ಬಾಗಿಲಲ್ಲೇ ತೂಗುಹಾಕಿಸಿದ್ದ. ಜನ ತಮ್ಮ ತಮ್ಮ ಹೆಸರಿನ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಷಡ್ಡಕರು ಜೇಬಿನಿಂದ ಬಿಳಿ ಕಾಗದದ ಪಟ್ಟಿಯೊಂದನ್ನು ತೆಗೆದು ಚಿಕ್ಕತಾತನ ಮೇಲೆ ಅಂಟಿಸತೊಡಗಿದರು.

“ಏನೋ ಅದು? ಹಿರಿಯರ ಮೇಲೆ ಕಾಗದ ಬಡೀತಿದ್ದೀಯ?” ಹಿಂದಿನಿಂದ ಕಂಡಕ್ಟರ್ ಗಂಟಲು.

“ಇವರು ನಮ್ಮ ವಂಶದಲ್ಲಿ ಇರಲಿಲ್ಲ ಅಣ್ಣ.”

“ಇರಲಿಲ್ವಾ? ಹಾಗಾದ್ರೆ ನಂಗೆ ಸುಳ್ಳ ಅಂತೀಯ ನೀನು, ಮದ್ವೆ ಮನೇಲಿ, ಬೀಗರ ಎದುರಿಗೆ?”

“ಹಾಗಲ್ಲ ಅಣ್ಣ…”

“ಹಾಗೂ ಇಲ್ಲ, ಹೀಗೂ ಇಲ್ಲ. ಅತ್ತೆ ಇಲ್ಲೇ ಇದ್ದಾರೆ, ಅವರನ್ನೇ ಕೇಳಿಬಿಡೋಣ. ಅತ್ತೇ! ಚಿಕ್ಕತಾತ ಇದ್ರೋ ಇಲ್ವೋ, ಎಲ್ಲರಿಗೂ ಕೇಳೋ ಹಾಗೆ ಹೇಳಿ.”

ಅತ್ತೆ ಮುಂದಿನ ಸಾಲಿನ ಕುರ್ಚಿಯಲ್ಲಿದ್ದರು. ಇದ್ದರು ಎಂದರೆ ಅಣ್ಣನ ಮಗನ ಇಷ್ಟು ವರ್ಷದ ಕೆಲಸ ಮಣ್ಣುಪಾಲು. ಇಲ್ಲ ಎಂದರೆ ಈ ವಯಸ್ಸಿನಲ್ಲಿ, ಅಷ್ಟು ಜನರ ಮುಂದೆ, ಸುಳ್ಳಿ ಎನಿಸಿಕೊಳ್ಳಬೇಕು.

ಷಡ್ಡಕರು ಅಡ್ಡ ಬಂದರು. “ಅವರನ್ನ ಕೇಳೋದೇನೂ ಇಲ್ಲ. ತಪ್ಪು ನಂದು. ಬೇರೆ ಯಾರದೋ ಮನೆತನದ ಹೆಸರನ್ನ ನಮ್ಮದಕ್ಕೆ ಸೇರಿಸಿಬಿಟ್ಟಿದ್ದೆ.”

“ಮತ್ತೆ ನನ್ನನ್ನ ಹೆಗಲ ಮೇಲೆ ಹೊತ್ಕೊಂಡಿದ್ದು ಯಾರು?” ಎಂದ ಕಂಡಕ್ಟರಣ್ಣ.

ಊಟ ಮುಗಿಯುವ ಮೊದಲೇ ಸುದ್ದಿ ಪಂಕ್ತಿಯಿಂದ ಪಂಕ್ತಿಗೆ ಹೋಯಿತು. ಷಡ್ಡಕರ ಚಿಕ್ಕಮ್ಮನ ಮಗಳೊಬ್ಬಳು, ಟೈಲರ್ ಅಂಗಡಿ ಇಟ್ಟಿರುವವಳು, ಕೈ ತೊಳೆಯುವಲ್ಲಿ ಅವರನ್ನು ನಿಲ್ಲಿಸಿ ಕೇಳಿಯೇಬಿಟ್ಟಳು: “ನಮ್ಮಮ್ಮನಾದ್ರೂ ನಿಜವಾಗಿ ನಮ್ಮಮ್ಮನೇ ತಾನೇ? ಇಲ್ಲ ಅದೂ ಬೇರೆ ಮನೆತನದ್ದೋ?” ಸುತ್ತಲಿದ್ದವರು ನಕ್ಕರು. ಷಡ್ಡಕರು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಊಟಕ್ಕೂ ಕೂರದೆ ಹೊರಟುಹೋದರು. ಆಮೇಲೆ ಅವರಿಗೆ ಯಾರೂ ಹೆದರಲಿಲ್ಲ. ಟೀವಿ ಸದ್ದು ತಗ್ಗಿಸುವಷ್ಟು ಮರ್ಯಾದೆಯನ್ನೂ ಕೊಡಲಿಲ್ಲ.

ಒಂದು ಮಧ್ಯಾಹ್ನ ನನ್ನ ಹೆಂಡತಿಯ ಅಕ್ಕ ಫೋನ್ ಮಾಡಿದರು. “ಊಟಕ್ಕೂ ನಿಲ್ದೆ ಎಲ್ಲಿಗೋ ಹೊರಟುಹೋದ್ರು. ಸ್ವಲ್ಪ ನೋಡ್ತೀರಾ?” ಎಲ್ಲಿ ಹುಡುಕಬೇಕೆಂದು ನನಗೆ ಅನುಮಾನವಿರಲಿಲ್ಲ. ಏದುಸಿರು ಬಿಡುತ್ತ ಆ ಮೆಟ್ಟಿಲು ಹತ್ತಿದೆ. ಬಾಗಿಲು ಅರ್ಧ ತೆರೆದಿತ್ತು, ಒಳಗಿನ ಮಾತು ಕೇಳುತ್ತಿತ್ತು.

“ಇವತ್ತೇನು ಕೇಳ್ಬೇಕಿತ್ತೋ?”

“ಏನಿಲ್ಲ ಅತ್ತೆ.”

“ಮತ್ಯಾಕೆ ಬಂದೆ?”

“ಮೆಟ್ಲು ಹತ್ತಿ ಸುಸ್ತಾಗಿದೆ. ಸ್ವಲ್ಪ ಕೂತ್ಕೋತೀನಿ.”

“ಮೆಟ್ಲು ಯಾಕೆ ಹತ್ತಿದೆ ಅಂತಲೇ ನಾನು ಕೇಳಿದ್ದು.”

ಇಣುಕಿ ನೋಡಿದೆ. ಷಡ್ಡಕರು ಗೋಡೆಗೆ ತಲೆ ಆನಿಸಿ, ಬಾಯಿ ಅರ್ಧ ತೆರೆದು, ಗಾಢ ನಿದ್ದೆಯಲ್ಲಿದ್ದರು. ಅತ್ತೆ ನನ್ನನ್ನು ಕಂಡು, ಸದ್ದು ಮಾಡಬೇಡವೆಂದು ಕೈಯಾಡಿಸಿ, ಅವರ ಮುಖಕ್ಕೆ ಬಿಸಿಲು ಬೀಳದಂತೆ ಕಿಟಕಿಯ ಬಾಗಿಲು ಎಳೆದುಕೊಂಡರು.